ಚಿಕ್ಕಪೇಟೆಗೆ ಹೋಗುವ ಮುಂಚೆ ಇದನ್ನು ಕೇಳು ಪುಟ್ಟಿ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಅತ್ತೆನೂ ಮಕ್ಕಳನ್ನೂ ಕರೆದುಕೊಂಡು ಶುಕ್ರವಾರ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತೇವೆ, ಮೂರು ದಿನ ಇರುತ್ತೇವೆ, ನಿಶ್ಚಿತಾರ್ಥದ ಸೀರೆನೂ ತೊಗೋಬೇಕು, ಎಲ್ಲಿ ಮೋಸ ಹೋಗುತ್ತೇವೋ ಅಂತ ಭಯ ದೊಡ್ಡಮ್ಮ ಅಂದಿದ್ದೀಯ. ಭಯ ಇರಬೇಕು. ಮೊದಲು ಒಂದು ಮಾತು. ಆಟೋದವನು ಹೇಳಿದ ಸೀರೆ ಅಂಗಡಿಗೆ ಮಾತ್ರ ಕಾಲಿಡಬೇಡ.

ದೊಡ್ಡಕ್ಕನ ಮಗಳ ಮದುವೆ ವರ್ಷ ನಿಮಗೆಲ್ಲ ನೆನಪಿದೆ ಅಲ್ವಾ. ಆಗಿನ್ನೂ ನಾವು ತೀರ್ಥಹಳ್ಳಿಯಲ್ಲೇ ಇದ್ದೆವು. ನಾನೂ ನಿಮ್ಮ ದೊಡ್ಡಪ್ಪನೂ ಹೀಗೇ ಮೆಜೆಸ್ಟಿಕ್‌ನಲ್ಲಿ ಇಳಿದೆವು. ಆಟೋದವನು ಅಮ್ಮಾ ಅಮ್ಮಾ ಅಂತ ಬಾಯ್ತುಂಬ ಮಾತಾಡಿಸಿದ. ಚಿಕ್ಕಪೇಟೆಯಲ್ಲಿ ರಶ್ ಜಾಸ್ತಿ, ಗೊತ್ತಿರುವ ಕಡೆ ಫ್ಯಾಕ್ಟರಿ ರೇಟಿಗೇ ಕೊಡಿಸುತ್ತೇನೆ ಅಂದ. ಮಹಡಿ ಮೇಲೊಂದು ಅಂಗಡಿ. ಕೂರಿಸಿ ಕಾಫಿ ಕೊಟ್ಟರು. ಗಿಣಿಹಸಿರು ಮೈ, ಕುಂಕುಮದ ಅಂಚು, ಅಪ್ಪಟ ರೇಷ್ಮೆ ಅಂದರು. ಆರೂವರೆ ಸಾವಿರ, ಅಷ್ಟೂ ನನ್ನ ಚೀಟಿ ದುಡ್ಡು. ಊರಲ್ಲಿ ಕುಚ್ಚು ಕಟ್ಟುವವಳು ಸೆರಗಿನಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದಳು. ರೇಷ್ಮೆ ಆಗಿದ್ದರೆ ಕೂದಲು ಸುಟ್ಟ ವಾಸನೆ ಬರಬೇಕು, ಬೆರಳಲ್ಲಿ ಉಜ್ಜಿದರೆ ಬೂದಿಯಾಗಿ ಉದುರಬೇಕು. ಇದು ಕರಗಿ ಸಾಸಿವೆ ಕಾಳಿನಷ್ಟು ಕಪ್ಪು ಗುಂಡಾಯಿತು. ಉಗುರಲ್ಲಿ ಒತ್ತಿದರೂ ಒಡೆಯಲಿಲ್ಲ. ಆಮೇಲೆ ಗೊತ್ತಾಯಿತು, ಅಂಥ ಅಂಗಡಿಯವರು ಆಟೋದವರಿಗೆ ಕಮಿಷನ್ ಕೊಡುತ್ತಾರೆ, ಅದನ್ನೂ ನಮ್ಮ ತಲೆ ಮೇಲೇ ಹಾಕುತ್ತಾರೆ. ಇನ್ನೊಂದು ಸಲ ಹೇಳುತ್ತೇನೆ, ಆಟೋದವನು ಹೇಳಿದ ಅಂಗಡಿಗೆ ಹೋಗಬೇಡ ಪುಟ್ಟಿ.

ಮತ್ತೆ ಲಾಡ್ಜ್ ಯಾಕೆ ಬುಕ್ ಮಾಡಿದೆ? ನಾವು ಇಲ್ಲಿಗೆ ಬಂದ ಹೊಸದರಲ್ಲಿ ಹನುಮಂತನಗರದ ಎರಡೇ ರೂಮಿನ ಬಾಡಿಗೆ ಮನೆ. ಕಡಲೆಕಾಯಿ ಪರಿಷೆಗೆ ಬಂದವರು ವಾರಗಟ್ಟಲೆ ಇರುತ್ತಿದ್ದರು, ಅಡುಗೆಮನೆಯಲ್ಲೂ ಚಾಪೆ ಹಾಸುತ್ತಿದ್ದೆವು. ಈಗ ಮನೆ ದೊಡ್ಡದಾಗಿದೆ, ಬರುವವರೇ ಇಲ್ಲ. ಬೆಂಗಳೂರಿಗೆ ಬಂದು ಮಾಲ್‌ನಲ್ಲಿ ನಿಂತು ಫೋಟೋ ಹಾಕುತ್ತೀರಿ, ಗ್ರೂಪಿನಲ್ಲಿ ನೋಡಿದಾಗಲೇ ನಮಗೆ ಗೊತ್ತಾಗುವುದು. ಗೇಟ್ ಸದ್ದಾದರೆ ನಿಮ್ಮ ದೊಡ್ಡಪ್ಪ ಈಗಲೂ ಎದ್ದು ಹೋಗಿ ನೋಡುತ್ತಾರೆ.

ಅಯ್ಯೋ, ನೀನು ಕೇಳಿದ್ದೇ ಬಿಟ್ಟುಹೋಯಿತು. ಸೀರೆ ಶನಿವಾರವೇ ತೊಗೋ, ಭಾನುವಾರ ಚಿಕ್ಕಪೇಟೆಯಲ್ಲಿ ಎಷ್ಟೋ ಅಂಗಡಿ ಬಾಗಿಲು ಹಾಕಿರುತ್ತವೆ. ಮೆಜೆಸ್ಟಿಕ್‌ನಿಂದ ಹಸಿರು ಮೆಟ್ರೋದಲ್ಲಿ ಮುಂದಿನ ಸ್ಟೇಷನ್ನೇ ಚಿಕ್ಕಪೇಟೆ, ಆಟೋನೇ ಬೇಡ. ಸಿಲ್ಕ್ ಮಾರ್ಕ್ ಲೇಬಲ್ ಇದೆಯಾ ನೋಡು, ಬಿಲ್ ಇಲ್ಲದೆ ದುಡ್ಡು ಕೊಡಬೇಡ. ಮೈಸೂರು ಸಿಲ್ಕೇ ಬೇಕಂದರೆ ಸರ್ಕಾರದ ಕೆಎಸ್‌ಐಸಿ ಮಳಿಗೆಗೆ ಹೋಗು. ಭಾನುವಾರ ಅದೇ ಮೆಟ್ರೋದಲ್ಲಿ ಲಾಲ್‌ಬಾಗ್. 1889ರ ಗಾಜಿನ ಮನೆ ತೋರಿಸು. ಕೆಂಪೇಗೌಡ ಗೋಪುರ ಇರುವ ಬಂಡೆಗೆ ಸುಮಾರು 300 ಕೋಟಿ ವರ್ಷ ಅಂತ ಮಕ್ಕಳಿಗೆ ಹೇಳು. ನಿಮ್ಮ ಅತ್ತೆಗೆ ಮಂಡಿ ನೋವು, ಹತ್ತಿಸಬೇಡ, ಕೆರೆ ಹತ್ತಿರ ನೆರಳಲ್ಲಿ ಕೂರಲಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಮಸಾಲೆ ದೋಸೆ ತಿನ್ನಿಸದೆ ವಾಪಸ್ ಕರೆದುಕೊಂಡು ಹೋಗಬೇಡ. ಆದರೆ ಶುಕ್ರವಾರ ಅಲ್ಲಿ ರಜೆ. ಆವತ್ತು ತಿಂಡಿಗೆ ಮನೆಗೇ ಬನ್ನಿ, ಕಡುಬು ಮಾಡಿರುತ್ತೇನೆ. ಬಸ್ಸು ಎಷ್ಟು ಗಂಟೆಗೆ ಬರುತ್ತದೆ ಅಂತ ಈಗಲೇ ಹೇಳು.