ಮಂಗನ ಕಾಯಿಲೆಯ ಕಾಲದಲ್ಲಿ ಕಾಡಿಗೆ ಹೋಗುವ ಹಿರಿಯರನ್ನು ನೀವು ಹೇಗೆ ಕಾಪಾಡಿಕೊಳ್ಳುತ್ತೀರಿ?

ಹೊಸನಗರ ಕಡೆಯಿಂದ ಪ್ರಶ್ನೆ: ಅಪ್ಪನಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆಯೂ ಇದೆ. ಪಕ್ಕದ ಊರಿನಲ್ಲಿ ಮಂಗ ಸತ್ತಿದೆ. ಆದರೂ ಕೊಟ್ಟಿಗೆಗೆ ಹಾಸಲು ದರಕು (ಒಣ ತರಗೆಲೆ) ತರಲು ಕಾಡಿಗೆ ಹೋಗುವುದನ್ನು ಬಿಡುವುದಿಲ್ಲ. ಲಸಿಕೆ ಹಾಕಿಸಬಹುದೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಸಾಗರದಿಂದ: ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದರು, ಅದರಿಂದ ಸಾಕಷ್ಟು ರಕ್ಷಣೆ ಸಿಗುತ್ತಿರಲಿಲ್ಲ. ಹೊಸದರ ಕೆಲಸ ನಡೆದಿದೆ. ಅದಕ್ಕಾಗಿ ಕಾಯುತ್ತಾ ಕೂರಬೇಡಿ. ನಮ್ಮ ಮಾವನವರಿಗೂ ಕಾಡು ಬೇಡವೆಂದು ಹೇಳಿ ಸೋತೆವು. ಕೊನೆಗೆ ಡಿಸೆಂಬರ್‌ನಿಂದ ಮೇವರೆಗೆ ಕೊಟ್ಟಿಗೆಗೆ ಭತ್ತದ ಹುಲ್ಲನ್ನೇ ಹಾಸತೊಡಗಿದೆವು. ದನದ ಕಾಲಡಿ ಒಣಗಿದ್ದರೆ ಅವರಿಗೆ ಸಮಾಧಾನ, ಕಾಡಿನ ಹಂಬಲ ತಾನಾಗಿ ಇಳಿಯಿತು. ಈ ಕಾಯಿಲೆ ಹರಡುವುದೇ ಉಣುಗು (ಉಣ್ಣೆ ಹುಳ) ಕಚ್ಚುವುದರಿಂದ, ದರಕಿನ ಹೊರೆಯಲ್ಲಿ ಅದು ಮನೆಯಂಗಳಕ್ಕೇ ಬರುತ್ತದೆ ಎಂಬುದನ್ನೂ ಅಪ್ಪನಿಗೆ ಹೇಳಿ. ತನಗಾಗಿ ಕೇಳದವರು ಮೊಮ್ಮಕ್ಕಳಿಗಾಗಿ ಕೇಳುತ್ತಾರೆ.

ಸಿದ್ದಾಪುರದಿಂದ: ಹೋಗಲೇಬೇಕಾದರೆ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುವ, ಉಣುಗನ್ನು ದೂರವಿಡುವ ಡೇಪಾ ತೈಲವನ್ನು ಕೈಕಾಲು, ಕುತ್ತಿಗೆಗೆ ಹಚ್ಚಿ ಕಳುಹಿಸಿ. ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು ಇರಲಿ. ದಣಿದರೂ ತರಗೆಲೆಯ ಮೇಲೆ ಕೂರಬಾರದು. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಲಿ. ಕಚ್ಚುವ ಮರಿ ಉಣುಗು ಬಹಳ ಚಿಕ್ಕದು, ವಯಸ್ಸಾದವರ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಮೊಣಕಾಲ ಹಿಂದೆ, ಕಂಕುಳು, ಸೊಂಟದ ಪಟ್ಟಿಯ ಜಾಗವನ್ನು ಮನೆಯವರೇ ನೋಡಬೇಕು. ನಮ್ಮಮ್ಮ ಮೊದಲು ಸಂಕೋಚ ಪಡುತ್ತಿದ್ದರು, ಈಗ ತಾವೇ ಕರೆಯುತ್ತಾರೆ.

ನಿವೃತ್ತ ಆರೋಗ್ಯ ಸಹಾಯಕಿ, ತೀರ್ಥಹಳ್ಳಿ: ನನಗೆ ಹೆಚ್ಚು ಭಯವಿರುವುದು ಜ್ವರ ಬಂದ ಮೇಲಿನ ಮೊದಲ ಎರಡು ದಿನಗಳ ಬಗ್ಗೆ. ಏಕಾಏಕಿ ಜೋರು ಜ್ವರ, ತಲೆನೋವು, ಮೈ ಮುರಿದಂತಹ ನೋವು ಇದರ ಲಕ್ಷಣ. ಹಿರಿಯರು ಇದನ್ನು ವಯಸ್ಸಿನ ನೋವೆಂದುಕೊಂಡು, ಮಂಡಿನೋವಿಗೆ ತಂದಿಟ್ಟ ಮಾತ್ರೆಯನ್ನೇ ನುಂಗುತ್ತಾರೆ. ಈ ಕಾಯಿಲೆಯಲ್ಲಿ ರಕ್ತಸ್ರಾವದ ಅಪಾಯವಿದೆ, ಅಂತಹ ನೋವಿನ ಮಾತ್ರೆಗಳು ಅದನ್ನು ಹೆಚ್ಚಿಸಬಹುದು. ವೈದ್ಯರನ್ನು ಕೇಳದೆ ಕೊಡಲೇಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ವೈರಸ್‌ಗೆ ಇಂದಿಗೂ ನೇರ ಔಷಧವಿಲ್ಲ, ಸಕಾಲದ ಆರೈಕೆಯೇ ಆಧಾರ. ಕಾಡಿಗೆ ಹೋಗಿ ವಾರದೊಳಗೆ ಜ್ವರ ಬಂದರೆ, ಕಾಡಿಗೆ ಹೋದದ್ದನ್ನೂ ಸಕ್ಕರೆ ಕಾಯಿಲೆಯನ್ನೂ ವೈದ್ಯರಿಗೆ ಮೊದಲೇ ಹೇಳಿ, ರಕ್ತ ಪರೀಕ್ಷೆ ಮಾಡಿಸಿ. ಜ್ವರ ಬಿಟ್ಟಿತೆಂದು ನಿಶ್ಚಿಂತರಾಗಬೇಡಿ. ಕೆಲವರಿಗೆ ಒಂದೆರಡು ವಾರದ ನಂತರ ಮತ್ತೆ ಜ್ವರ ಬಂದು ನಡುಕ, ಮಂಕುತನ ಕಾಣಿಸಿಕೊಳ್ಳುತ್ತದೆ. ಆಗ ಮತ್ತೆ ಆಸ್ಪತ್ರೆಗೆ ಹೋಗಲೇಬೇಕು.

ಹೊಸನಗರ: ರೋಗಿಯನ್ನು ಮುಟ್ಟಿದರೆ ನಮಗೂ ಅಂಟುತ್ತದೆಯೇ?

ತೀರ್ಥಹಳ್ಳಿ: ಇಲ್ಲ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಧೈರ್ಯವಾಗಿ ಹತ್ತಿರ ಕೂತು ಆರೈಕೆ ಮಾಡಿ. ಸತ್ತ ಮಂಗದ ಬಳಿ ಮಾತ್ರ ಯಾರೂ ಸುಳಿಯಬಾರದು, ಅದರ ಮೈಬಿಟ್ಟ ಉಣುಗು ಅಲ್ಲೇ ಇರುತ್ತದೆ. ಆಶಾ ಕಾರ್ಯಕರ್ತೆಗೆ ಇವತ್ತೇ ತಿಳಿಸಿ.