ಸಹಾಯ ಬೇಕು: ಅಜ್ಜನ ಕ್ಷೌರದ ಕತ್ತಿಗೆ ಯಾವ ಕಲ್ಲು ತಗೊಳ್ಳಲಿ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಮನೆಯ ಅಟ್ಟದಲ್ಲಿ ಅಜ್ಜನ ಮಡಚುವ ಕ್ಷೌರದ ಕತ್ತಿ ಸಿಕ್ಕಿದೆ. ಬುಡದಲ್ಲಿ ಜರ್ಮನಿಯ ‘ಝೋಲಿಂಗನ್’ ಊರಿನ ಹೆಸರು ಕೊರೆದಿದೆ. ಅಲಗು 5/8 ಇಂಚು ಅಗಲ. ಮಳೆಗಾಲದ ತೇವಕ್ಕೆ ಬೆನ್ನಿನ ಹತ್ತಿರ ತುಕ್ಕು ಹಿಡಿದಿದೆ, ಆದರೆ ಬಾಯಿ ಎಲ್ಲೂ ಮುಕ್ಕಾಗಿಲ್ಲ. ಇದರಲ್ಲೇ ಶೇವ್ ಮಾಡಬೇಕು ಅಂತ ತುಂಬಾ ಆಸೆ.

ಪೇಟೆಯ ಸಲೂನ್‌ಗಳಲ್ಲಿ ಕೇಳಿದೆ. ಎಲ್ಲರೂ ಈಗ ಅರ್ಧ ಬ್ಲೇಡ್ ಹಾಕುವ ಕತ್ತಿಯನ್ನೇ ಬಳಸುತ್ತಾರೆ, ಮಸೆದು ಕೊಡುವವರು ಸಿಗಲಿಲ್ಲ. ಮನೆಯ ಸಾಣೆಕಲ್ಲು ಕುಡುಗೋಲಿಗೆ ಸರಿ, ಇದಕ್ಕೆ ಜಾಸ್ತಿ ಒರಟು. ನಾನು ಓದಿ ತಿಳಿದದ್ದು ಇಷ್ಟು: ಮೊದಲು 1000 ಗ್ರಿಟ್ (ಕಲ್ಲಿನ ನಯದ ಅಳತೆ, ಸಂಖ್ಯೆ ಹೆಚ್ಚಾದಷ್ಟೂ ನಯ) ಕಲ್ಲಿನಲ್ಲಿ ಅಲಗಿನ ಎರಡೂ ಇಳಿಜಾರು ಬಾಯಿಯ ಉದ್ದಕ್ಕೂ ಕೂಡಬೇಕು. ಆಮೇಲೆ 4000, 8000. ಮಸೆಯುವಾಗ ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರಬೇಕು. ಕೊನೆಗೆ ಬಾಯಿ ನಯ ಮಾಡುವ ಚರ್ಮದ ಪಟ್ಟಿಯ ಮೇಲೆ ಮಾತ್ರ ಬೆನ್ನು ಮುಂದಾಗಿ ಎಳೆಯಬೇಕು, ಇಲ್ಲದಿದ್ದರೆ ಪಟ್ಟಿಯೇ ಕುಯ್ದುಹೋಗುತ್ತದೆ ಅಲ್ವಾ?

ಒಂದು 1000 ಗ್ರಿಟ್ ಕಲ್ಲು, ಎರಡು ಬದಿಯ 4000/8000 ನಾರ್ಟನ್ ಕಂಪನಿಯ ಕಲ್ಲು, ಹಸಿರು ಕ್ರೋಮಿಯಂ ಆಕ್ಸೈಡ್ ಪೇಸ್ಟ್ ಸವರಿದ ಒಂದು ಪಟ್ಟಿ, ಸವರದ ಇನ್ನೊಂದು. ಇಷ್ಟು ಸಾಕಾ? 12000 ಗ್ರಿಟ್ ಕಲ್ಲು ಬೇಕೇ ಬೇಕಾ? ಪಟ್ಟಿ 2 ಇಂಚು ಅಗಲ ಇದ್ದರೆ ಆಗುತ್ತದೋ, 3 ಇಂಚೇ ಒಳ್ಳೆಯದೋ? ತುಕ್ಕು ತೆಗೆಯುವಾಗ ಕೊರೆದ ಅಕ್ಷರ ಅಳಿಸಬಾರದು, ಅದೊಂದು ಭಯ. ಕೈಯಾರೆ ಮಸೆದು ಗೊತ್ತಿರುವವರು ದಯವಿಟ್ಟು ಹೇಳಿ.