ಲಾಕ್ ಇಲ್ಲದ ಫೋನಿಗೆ ಅಸಲಿಗೆ ಎಷ್ಟು ಬೀಳ್ತದೆ? ರಿಪೇರಿಯವರನ್ನು ಕೇಳಿ

ಅಡ್ಮಿನ್: ಈ ವಾರ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಮೊಬೈಲ್ ರಿಪೇರಿಯವರು ನಮ್ಮ ಪ್ರಶ್ನೆಗಳಿಗೆ ಉತ್ತರ ಕೊಡ್ತಾರೆ. ವಿಷಯ: ಸಿಮ್ ಕಂಪೆನಿಯ ಕರಾರು, ಕಂತು ಎಂತದೂ ಇಲ್ಲದೆ ಫೋನು ತೆಗೊಂಡರೆ ಲಾಭವಾ, ನಷ್ಟವಾ. ಲಾಕ್ ಅಂದರೆ ಫೋನು ಮಾರಿದ ಕಂಪೆನಿಯ ಸಿಮ್ ಮಾತ್ರ ನಡೆಯುವ ಹಾಗೆ ಕಟ್ಟಿ ಹಾಕಿದ್ದು. ಪ್ರಶ್ನೆ ಇಲ್ಲಿಯೇ ಹಾಕಿ. ಗುಡ್ ಮಾರ್ನಿಂಗ್ ಚಿತ್ರ ಬೇಡ.

ಪೆರ್ಲದ ಟೀಚರು: ನಮಸ್ತೆ ಅಣ್ಣಾ. ತಂಗಿ ಅಮೆರಿಕದಲ್ಲಿ ಇದ್ದಾಳೆ. ಅಲ್ಲಿ ತಿಂಗಳ ಬಿಲ್ಲಿನೊಟ್ಟಿಗೆ ಫೋನು ಫ್ರೀ ಅಂತೆ. ಅದೇ ಫೋನಿಗೆ ಇಲ್ಲಿ ನಾವು ಎಪ್ಪತ್ತು ಸಾವಿರ ಎಣಿಸಬೇಕು. ನಾವು ಮೋಸ ಹೋಗ್ತಾ ಇದ್ದೇವಾ?

ರಿಪೇರಿ: ನಮಸ್ತೆ ಟೀಚರೇ. ಮೋಸ ಇಲ್ಲ. ಅಲ್ಲಿ ಹಣ ಬಿಲ್ಲಿನ ಹೊಟ್ಟೆಯೊಳಗೆ ಇರ್ತದೆ, ಇಲ್ಲಿ ಕೌಂಟರಿನ ಮೇಲೆ ಕಾಣ್ತದೆ, ಅಷ್ಟೇ. ಐಫೋನ್ 3ಜಿ 2008ರಲ್ಲಿ ನಮ್ಮಲ್ಲಿಗೆ ಬಂದಾಗ 8 ಜಿಬಿಗೆ 31,000 ರೂಪಾಯಿ. ಅಮೆರಿಕದಲ್ಲಿ 199 ಡಾಲರ್, ಆಗಿನ ಲೆಕ್ಕಕ್ಕೆ ಎಂಟೂವರೆ ಸಾವಿರ. ಎಲ್ಲರೂ ಬೊಬ್ಬೆ ಹೊಡೆದರು. ಆದರೆ ಆ 199ರ ಹಿಂದೆ ಅಲ್ಲಿನ ಸಿಮ್ ಕಂಪೆನಿ ಎಟಿ ಅಂಡ್ ಟಿ ಜೊತೆ ಎರಡು ವರ್ಷದ ಕರಾರು ಇತ್ತು, ತಿಂಗಳಿಗೆ ಹತ್ತಿರ ಹತ್ತಿರ 70 ಡಾಲರ್. 24 ತಿಂಗಳಿಗೆ ಗುಣಿಸಿ ನೋಡಿ, 1,680 ಡಾಲರ್. 2012ರ ಐಫೋನ್ 5ಕ್ಕೆ ಕರಾರಿನಲ್ಲಿ 199, ಕರಾರಿಲ್ಲದೆ 649. ನಡುವಿನ 450 ಡಾಲರನ್ನು ಕಂಪೆನಿ ಧರ್ಮಕ್ಕೆ ಬಿಟ್ಟದ್ದಲ್ಲ, ಬಿಲ್ಲಿನಲ್ಲಿ ವಸೂಲು ಮಾಡಿದ್ದು. 2013ರಲ್ಲಿ ಅಲ್ಲಿನ ಇನ್ನೊಂದು ಕಂಪೆನಿ ಟಿ-ಮೊಬೈಲ್ ಈ ಕರಾರು ಬಿಟ್ಟು ಫೋನಿನ ಹಣ ಬೇರೆ, ಮಾತಿನ ಹಣ ಬೇರೆ ಎಂದು ಬಿಲ್ಲು ಕೊಡ್ಲಿಕ್ಕೆ ಶುರು ಮಾಡಿತು. ಈಗಿನ ಫ್ರೀ ಅಂದರೆ 24 ಅಥವಾ 36 ಕಂತು; ತಿಂಗಳು ತಿಂಗಳು ಅಷ್ಟನ್ನು ಬಿಲ್ಲಿನಿಂದ ಕಳೀತಾರೆ. ನಡುವೆ ಬಿಟ್ಟು ಬಂದರೆ ಕಳೆಯುವುದು ನಿಲ್ತದೆ, ಬಾಕಿ ಪೂರಾ ತಲೆ ಮೇಲೆ. ತಂಗಿ ಕಂತು ಮುಗಿಸಿ, ಲಾಕ್ ತೆಗೆಸಿಯೇ ತರಲಿ.

ಕುಂಬಳೆ ಆಟೋ: ಹತ್ತು ಸಾವಿರದೊಳಗೆ ಒಳ್ಳೆ ಫೋನು ಯಾವುದು ಅಣ್ಣಾ?

ರಿಪೇರಿ: ಸರ್ವಿಸ್ ಸೆಂಟರ್ ಕಾಸರಗೋಡಿನಲ್ಲಿಯೋ ಮಂಗಳೂರಿನಲ್ಲಿಯೋ ಇರುವ ಯಾವುದಾದರೂ.

ತಲಪಾಡಿ ದಾಟುವವ: ಫೋನು ಮಂಗಳೂರಿನಲ್ಲೇ ತೆಗೊಳ್ಳಿ. ಕೇರಳದಲ್ಲಿ ತೆರಿಗೆ ಜಾಸ್ತಿ.

ರಿಪೇರಿ: ಅದು ಹಳೇ ಕಥೆ. 2019ರ ಆಗಸ್ಟ್‌ನಿಂದ 2021ರ ಜುಲೈವರೆಗೆ ಇಲ್ಲಿ ಪ್ರವಾಹದ ಸೆಸ್ 1% ಇತ್ತು. ಈಗ ಇಲ್ಲ. ಮೊಬೈಲಿಗೆ 2020ರ ಏಪ್ರಿಲ್‌ನಿಂದ ದೇಶಕ್ಕೆಲ್ಲ 18% ಜಿಎಸ್‌ಟಿ. 18,000ದ ಫೋನಿನಲ್ಲಿ ತೆರಿಗೆಯೇ 2,746.

ತಲಪಾಡಿ ದಾಟುವವ: ಆದರೂ ಅಲ್ಲಿ ಕನ್ನಡದಲ್ಲಿ ಮಾತಾಡಿ ತೆಗೊಳ್ಳಬಹುದಲ್ಲ.

ಉಪ್ಪಳದ ಹುಡುಗ: ಇಲ್ಲಿ ನಿಮ್ಮ ಹತ್ತಿರ ಯಾರು ಕನ್ನಡ ಮಾತಾಡಬೇಡಿ ಅಂದದ್ದು? ಬಸ್ಸಿನ ಚಾರ್ಜಿಗೆ ಒಂದು ಕವರ್ ಬರ್ತದೆ.

ಹೊಲಿಗೆ ಅಕ್ಕ, ಸೀತಾಂಗೋಳಿ: ನಾನು ಒಂದು ಅಂಗಡಿಯಲ್ಲಿ ನೋ ಕಾಸ್ಟ್ ಇಎಮ್‌ಐಯಲ್ಲಿ, ಅಂದರೆ ಬಡ್ಡಿ ಇಲ್ಲ ಅನ್ನುವ ಕಂತಿನಲ್ಲಿ, ಫೋನು ತೆಗೊಂಡದ್ದು. ಕಾಗದ ಇಂಗ್ಲಿಷಿನಲ್ಲಿ, ಹುಡುಗ ವಿವರಿಸಿದ್ದು ಮಲಯಾಳದಲ್ಲಿ, ನಾನು ಸೈನು ಹಾಕಿದೆ. ಎರಡು ಕಂತು ತಪ್ಪಿತು. ಈಗ ಸ್ಕ್ರೀನಿನಲ್ಲಿ ಹಣ ಕಟ್ಟಿ ಅಂತ ಬರ್ತದೆ, ಬೇರೆ ಎಂತದೂ ತೆರೆಯುವುದಿಲ್ಲ. ಗಿರಾಕಿಗಳ ನಂಬರೆಲ್ಲ ಅದರಲ್ಲೇ ಉಂಟು.

ರಿಪೇರಿ: ಅಕ್ಕಾ, ನಮ್ಮ ಊರಿನ ಕರಾರು ಇದೇ. ಸಿಮ್ ಕಂಪೆನಿಯ ಬದಲು ಸಾಲ ಕೊಟ್ಟವ ಕಟ್ಟಿ ಹಾಕ್ತಾನೆ. ಕೊಡುವಾಗಲೇ ಒಂದು ಆಪ್ ಕೂರಿಸಿರ್ತಾರೆ, ರಿಸೆಟ್ ಮಾಡಿದರೂ ಹೆಚ್ಚಾಗಿ ಅದು ಹೋಗುವುದಿಲ್ಲ. ಬಾಕಿ ಕಟ್ಟಿ ರಸೀದಿ ತೆಗೊಳ್ಳಿ, ಕಂತು ಪೂರ್ತಿ ಮುಗಿದ ಮೇಲೆ ಆಪ್ ತೆಗೆಸಿ, ಬಾಕಿ ಇಲ್ಲ ಎಂಬ ಪತ್ರ ಕೇಳಿ. ನಂಬರುಗಳು ಗೂಗಲ್ ಖಾತೆಯಲ್ಲಿ ಇರಬಹುದು, ಮಗಳ ಫೋನಿನಲ್ಲಿ ಲಾಗಿನ್ ಮಾಡಿ ನೋಡಿ.

ನೀರ್ಚಾಲು ಮಾವ: *ಫಾರ್ವರ್ಡ್ ಮಾಡಿದ ಸಂದೇಶ:* ಯಾವುದೇ ಫೋನಿನ ಲಾಕ್ ಮನೆಯಲ್ಲೇ ತೆಗೆಯಿರಿ!! ಈ ಕೋಡ್ ಒತ್ತಿದರೆ ಸಾಕು. ಕಂಪೆನಿಗಳು ಮುಚ್ಚಿಟ್ಟ ರಹಸ್ಯ. ಹತ್ತು ಜನಕ್ಕೆ ಕಳಿಸಿ.

ರಿಪೇರಿ: ಮಾವಾ, ದಯಮಾಡಿ ಅದನ್ನು ಅಳಿಸಿ. ಅದು ಹಳೇ ಸ್ಯಾಮ್‌ಸಂಗ್‌ಗಳನ್ನು ಪೂರಾ ಖಾಲಿ ಮಾಡುವ ಕೋಡ್. ಲಾಕ್ ಅಲ್ಲ, ಫೋಟೋ ಹೋಗ್ತದೆ.

ನೀರ್ಚಾಲು ಮಾವ: ನನಗೆ ಬಂದದ್ದನ್ನು ಹಾಕಿದ್ದು. ಒಳ್ಳೆಯದಕ್ಕೇ ಅಲ್ಲವಾ.

ಮುಳ್ಳೇರಿಯ ಅಡಿಕೆ: ಪರಿಚಯದವರ ಸಂಬಂಧಿಕ ಅಮೆರಿಕದಿಂದ ಬಂದಿದ್ದ. ಐಫೋನ್ 13, 26 ಸಾವಿರ ನಗದು ಕೊಟ್ಟೆ. ಸಿಮ್ಮು ಹಾಕಿದರೆ "ಸಿಮ್ ನಾಟ್ ಸಪೋರ್ಟೆಡ್". ವೈಫೈಯಲ್ಲಿ ಎಲ್ಲ ಸರಿ. ಪೇಟೆಯ ಒಂದು ಅಂಗಡಿಯವರು 2,500 ಕೊಟ್ಟರೆ ಬಿಡಿಸಿಕೊಡ್ತಾರಂತೆ. ಕೊಡಬಹುದಾ?

ರಿಪೇರಿ: ಕೊಡಬೇಡಿ. ಹೋಗಿದ್ದರೆ ಈಗಲೇ ವಾಪಸು ಬನ್ನಿ.

ಅವರು ಮಾಡುವುದು ಇಷ್ಟೇ: ಸಿಮ್ಮಿನ ಅಡಿಗೆ ಕಾಗದದಷ್ಟು ತೆಳು ಚಿಪ್ ಇಟ್ಟು ಫೋನನ್ನು ಯಾಮಾರಿಸುವುದು. ಇವತ್ತು ನೆಟ್‌ವರ್ಕ್ ಬರ್ತದೆ, ನಾಳೆ ಅಪ್‌ಡೇಟ್ ಆದರೆ ಹೋಗ್ತದೆ, ಪುನಃ ಅವರ ಬಾಗಿಲು. ಬ್ಯಾಂಕಿನ ಓಟಿಪಿ ಬರುವ ದಿನವೇ ಕೈಕೊಡ್ತದೆ, ನಾನು ಕಂಡಿದ್ದೇನೆ. ಸರಿಯಾದ ಬಿಡುಗಡೆ ಒಂದೇ, ಫೋನು ಮಾರಿದ ಆ ಸಿಮ್ ಕಂಪೆನಿ ತನ್ನ ದಾಖಲೆಯಲ್ಲಿ ಲಾಕ್ ತೆಗೆಯಬೇಕು. ಆಮೇಲೆ ಆ್ಯಪಲ್ ಸರ್ವರಿನಿಂದ ತಾನಾಗಿ ತೆರೀತದೆ. ಅದಕ್ಕೆ ಅವರು ಸಾಮಾನ್ಯವಾಗಿ ಇಡುವ ಮೊದಲ ಷರತ್ತೇ ಫೋನಿನ ಹಣ ಪೂರ್ತಿ ಸಂದಿರಬೇಕು ಎಂಬುದು.

ಸೆಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ "ಕ್ಯಾರಿಯರ್ ಲಾಕ್" ನೋಡಿ. "ನೋ ಸಿಮ್ ರಿಸ್ಟ್ರಿಕ್ಷನ್ಸ್" ಇದ್ದರೆ ಮಾತ್ರ ಬಿಡುಗಡೆ ಆದ ಫೋನು. ನನ್ನ ಹೆದರಿಕೆ ಲಾಕಿನದ್ದು ಮಾತ್ರ ಅಲ್ಲ. ಕಂತು ಬಾಕಿ ಇಟ್ಟು ಊರಿಗೆ ಬಂದವ ಅಲ್ಲಿ ಕಟ್ಟುವುದು ನಿಲ್ಲಿಸಿದರೆ ಫೋನಿನ ಐಎಮ್‌ಇಐಯನ್ನು, ಅಂದರೆ ಪ್ರತಿ ಫೋನಿಗೂ ಇರುವ ಗುರುತಿನ ನಂಬರನ್ನು, ಕಪ್ಪುಪಟ್ಟಿಗೆ ಹಾಕಬಹುದು. ಆಮೇಲೆ ಲಾಕ್ ತೆಗೆದು ಕೊಡುವುದೂ ಇಲ್ಲ. ಅಲ್ಲಿಗೆ 26 ಸಾವಿರದ ಗಡಿಯಾರ. *#06# ಒತ್ತಿ ಐಎಮ್‌ಇಐ ಬರೆದಿಟ್ಟುಕೊಳ್ಳಿ, ಇಲ್ಲಿ ಹಾಕಬೇಡಿ. ಕೆವೈಎಂ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಒಂದು ಜಾಗ ಬಿಟ್ಟು, ಆ ನಂಬರು ಸೇರಿಸಿ 14422ಕ್ಕೆ ಎಸ್ಎಮ್ಎಸ್ ಮಾಡಿದರೆ ನಮ್ಮ ದೇಶದ ದಾಖಲೆ ತಿಳೀತದೆ. ಅಮೆರಿಕದ ಲಾಕ್ ಅದರಲ್ಲಿ ಕಾಣುವುದಿಲ್ಲ. ಮಾರಿದವನ ಹತ್ತಿರ ಎರಡೇ ಕೇಳಿ: ಯಾವ ಕಂಪೆನಿ, ಎಷ್ಟು ಕಂತು ಬಾಕಿ.

ತಲಪಾಡಿ ದಾಟುವವ: ಅಡಿಕೆಯವರೇ, ಬಿಲ್ಲಿಲ್ಲದೆ 26 ಸಾವಿರ ಕೊಟ್ಟದ್ದಾ? ಅಡಿಕೆಗೆ ರೇಟು ಬಂದದ್ದು ಕಾಣ್ತದೆ.

ಮುಳ್ಳೇರಿಯ ಅಡಿಕೆ: ನಿಮ್ಮ ಜೇಬಿನಿಂದ ಕೊಟ್ಟದ್ದಲ್ಲ.

ಕುಂಬಳೆ ಆಟೋ: ಲಂಡನ್ನಿನಲ್ಲಿರುವ ಅಳಿಯ ತಂದರೂ ಹೀಗೆಯಾ?

ರಿಪೇರಿ: ಬ್ರಿಟನ್ನಿನಲ್ಲಿ 2021ರ ಡಿಸೆಂಬರಿನಿಂದ, ಕೆನಡಾದಲ್ಲಿ 2017ರ ಡಿಸೆಂಬರಿನಿಂದ ಕಂಪೆನಿಗಳು ಲಾಕ್ ಮಾಡಿ ಮಾರುವ ಹಾಗಿಲ್ಲ. ಅಮೆರಿಕದ ಐಫೋನ್ 14 ಮತ್ತೆ ನಂತರದ್ದಕ್ಕೆ ಸಿಮ್ ಹಾಕುವ ತಟ್ಟೆಯೇ ಇಲ್ಲ, ಫೋನಿನೊಳಗೇ ಇರುವ ಇ-ಸಿಮ್ ಮಾತ್ರ. ಅದನ್ನು ಯಾರೂ ಕೇಳಲಿಲ್ಲ, ನಾನೇ ಹೇಳಿದೆ.

ಪೆರ್ಲದ ಟೀಚರು: ನೋ ಕಾಸ್ಟ್ ಇಎಮ್‌ಐ ನಿಜವಾಗಿಯೂ ನೋ ಕಾಸ್ಟಾ ಅಣ್ಣಾ?

ರಿಪೇರಿ: ಬಡ್ಡಿ ಇಲ್ಲದ ಸಾಲ ಎಂಬುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. 20,000ದ ಫೋನು, ಕ್ರೆಡಿಟ್ ಕಾರ್ಡು, 6 ತಿಂಗಳು, 15% ಬಡ್ಡಿ ಅಂತ ಇಡಿ. ಬಡ್ಡಿ ಸುಮಾರು 847, ಅಷ್ಟನ್ನು ಮೊದಲೇ ರಿಯಾಯಿತಿ ಅಂತ ತೋರಿಸ್ತಾರೆ. ಆ ಬಡ್ಡಿಯ ಮೇಲಿನ ಜಿಎಸ್‌ಟಿ 152 ನಿಮ್ಮದೇ. ಪ್ರೊಸೆಸಿಂಗ್ 199 ಆದರೆ ತೆರಿಗೆ ಸೇರಿ 235. ಒಟ್ಟು 387. ನಗದು ಕೊಟ್ಟರೆ ಅಂಗಡಿಯವ ಬಿಡುತ್ತಿದ್ದ ಐನೂರೋ ಆರುನೂರೋ ಅದೂ ಹೋಯ್ತು.

 

ತಲಪಾಡಿ ದಾಟುವವ: ಸಾಲದ ಕಾಗದ ಕನ್ನಡದಲ್ಲಿ ಕೊಡಬೇಕು ಅಂತ ಈ ಗುಂಪಿನಲ್ಲಿ ಒಬ್ಬರಾದರೂ ಕೇಳಿದ್ದೀರಾ? 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇದೇ ಹಾಡು.

ಉಪ್ಪಳದ ಹುಡುಗ: ಕನ್ನಡದಲ್ಲಿ ಇದ್ದರೆ ನೀವು ಓದಿ ಸೈನು ಹಾಕುತ್ತಿದ್ದಿರಾ?

ಹೊಲಿಗೆ ಅಕ್ಕ, ಸೀತಾಂಗೋಳಿ: ನಾನು ಓದುತ್ತಿದ್ದೆ.

ನೀರ್ಚಾಲು ಮಾವ: *ಫಾರ್ವರ್ಡ್ ಮಾಡಿದ ಸಂದೇಶ:* ಫೋನನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟರೆ ನೆಟ್‌ವರ್ಕ್ ಲಾಕ್…

ರಿಪೇರಿ: ಮಾವಾ! ಫ್ರೀಜರಿನಲ್ಲಿ ಮೀನು ಇಡಿ.

ಅಡ್ಮಿನ್: ಎಲ್ಲರೂ ಸ್ವಲ್ಪ ಸಮಾಧಾನ. ಭಾಷೆಯ ಚರ್ಚೆ ಬೇರೆ ದಿನ.

ತಲಪಾಡಿ ದಾಟುವವ: ಆ ದಿನ ಯಾವಾಗ ಬರ್ತದೆ ಅಡ್ಮಿನ್ನರೇ?

ಕುಂಬಳೆ ಆಟೋ: ಹತ್ತು ಸಾವಿರದೊಳಗೆ ಕ್ಯಾಮೆರಾ ಒಳ್ಳೆದು ಯಾವುದರಲ್ಲಿ?

ರಿಪೇರಿ: ಮೇಲೆ ಹೇಳಿದೆ.

ಮುಳ್ಳೇರಿಯ ಅಡಿಕೆ: ಅವ ಫೋನೆತ್ತಿದ. 36 ಕಂತಿನಲ್ಲಿ 14 ಕಟ್ಟಿದ್ದಾನಂತೆ. ಉಳಿದದ್ದು ಇನ್ನು ಕಟ್ಟುವುದಿಲ್ಲ, ಅಲ್ಲಿಗೆ ವಾಪಸು ಹೋಗುವುದೂ ಇಲ್ಲವಂತೆ.

ರಿಪೇರಿ: ಹಾಗಾದರೆ ಅದು ಬಿಡುಗಡೆ ಆಗುವ ಫೋನಲ್ಲ. ನಿಮ್ಮ ಖಾತೆ ತೆಗೆದು, ಎಲ್ಲ ಅಳಿಸಿ, ಆ ಪರಿಚಯದವರನ್ನು ಎದುರಿಗೆ ಕೂರಿಸಿ ಹಣ ವಾಪಸು ಕೇಳಿ. ಫೋನು ವಾಪಸು ಕೊಟ್ಟಾಗ ಸಿಕ್ಕಿತು ಅಂತ ಎರಡು ಗೆರೆ ಬರೆಸಿಕೊಳ್ಳಿ. ಕಡಿಮೆಗೆ ಬೇರೆ ಯಾರಿಗೂ ದಾಟಿಸಬೇಡಿ.

ಮುಳ್ಳೇರಿಯ ಅಡಿಕೆ: ಪರಿಚಯದವರು ಅಂದರೆ ನನ್ನ ಭಾವ.

ರಿಪೇರಿ: ಅದಕ್ಕೆ ನನ್ನ ಹತ್ತಿರ ಟೂಲ್ ಇಲ್ಲ. ನಾಳೆ ಮನೆಯಲ್ಲಿ ಕೋಲ, ಅಂಗಡಿ ಬಂದ್.